ರಿಮೋಟ್ ಮಾರಿ ಹೊಸದು

1991ರ ನವೆಂಬರ್ ಹನ್ನೆರಡು, ಮಂಗಳವಾರ, ಸಂಜೆ ಆರೂ ನಲವತ್ತು. ಭಾಂಡುಪ್ ಸ್ಟೇಷನ್ ಎದುರಿನ ರಿಪೇರಿ ಅಂಗಡಿಯಲ್ಲಿ ಪಂಕಜಾ ಒಂದು ರಿಮೋಟನ್ನು ಮೇಜಿನ ಮೇಲಿಟ್ಟಳು. ಇಟ್ಟ ಕೈ ಮಾತ್ರ ತೆಗೆಯಲಿಲ್ಲ.

"ಇವನನ್ನ ನಂಬೋದು ಹೇಗೋ..." ಎಂದು ತನ್ನಷ್ಟಕ್ಕೆ ಗೊಣಗಿದಳು.

"ಕೈ ತಗದ್ರ ನಂಬಿಕಿ ತಾನ ಬರ್ತದ್ರಿ," ಎಂದ ಅಂಗಡಿಯವನು.

ವಿಜಾಪುರದ ಕಡೆಯವನು, ಹೆಸರು ಶೇಖರ. ಮುಂಬಯಿಯಲ್ಲಿ ಕನ್ನಡ ಕಿವಿಗೆ ಬಿದ್ದರೆ ಬೇರೆಯವರು ಕರಗುತ್ತಾರೆ. ಪಂಕಜಾ ಇನ್ನಷ್ಟು ಬಿಗಿಯಾದಳು. ನಮ್ಮವರು ಅನ್ನಿಸಿಕೊಂಡೇ ಅಲ್ಲವೇ ಮೋಸ ಮಾಡುವುದು?

ರಿಮೋಟ್ ಸಾಮಾನ್ಯದ್ದಲ್ಲ. ಮಸ್ಕತ್ತಿನಿಂದ ಅಣ್ಣ ತಂದದ್ದು. ಟಿವಿ, ವಿಸಿಆರ್, ಆಂಪ್ಲಿಫೈಯರ್ ಮೂರರ ಸಂಕೇತಗಳನ್ನೂ ಕಲಿತು ನೆನಪಿಟ್ಟುಕೊಂಡಿತ್ತು. ಕಲಿಸಿದ ಮೂಲ ರಿಮೋಟ್‌ಗಳು ಮುಲುಂಡಿಗೆ ಮನೆ ಬದಲಾಯಿಸುವಾಗ ಕಳೆದುಹೋಗಿದ್ದವು. ಸೊಂಟ ಮುರಿದು ಮಂಚ ಹಿಡಿದ ತಂದೆ ವೆಂಕಟಸುಬ್ಬಯ್ಯನವರ ಹಗಲೆಲ್ಲ ಕಳೆಯುತ್ತಿದ್ದುದು ಅದರಿಂದ. ಆ ನೆನಪು ಅಳಿಸಿದರೆ ಮತ್ತೆ ಕಲಿಸಲು ಏನೂ ಉಳಿದಿರಲಿಲ್ಲ.

ಶೇಖರ ಅದನ್ನು ತಿರುವಿ ನೋಡಿದ. ಮುಂಭಾಗ ಒಡೆದಿತ್ತು, ಗುಂಡಿಗಳು ಕುಸಿದಿದ್ದವು. ಒಳಗಿನದು ಸರಿಯಿದೆ, ಬ್ಯಾಟರಿ ತೆಗೆದರೆ ಮಾತ್ರ ನೆನಪು ಅಳಿಸುತ್ತದೆ, ಯಾರೂ ತೆಗೆಯಬಾರದು, ಇಲ್ಲೇ ಬಿಟ್ಟುಹೋಗಿ ಎಂದ. ಅವಳು ವಿಳಾಸ, ಫೋನ್ ನಂಬರ್ ಕೊಟ್ಟು ರಸೀದಿ ಬರೆಸಿಕೊಂಡೇ ಹೊರಟಳು.

ಮುಂದಿನ ಎರಡು ವಾರದಲ್ಲಿ ಆಫೀಸಿನಿಂದ ಮುಲುಂಡಿಗೆ ಮರಳುವಾಗ ಅವಳು ನಾಲ್ಕು ಸಲ ಅಲ್ಲಿ ಇಳಿದಳು. ವಿಚಾರಿಸಲು ಎಂದು ತನಗೇ ಹೇಳಿಕೊಂಡಳು. ಒಂದು ಸಲ ಚಹಾ ಕುಡಿದಳು. ಇನ್ನೊಂದು ಸಲ, ಗಿರಾಕಿಯೊಬ್ಬನ ರೇಡಿಯೋದಲ್ಲಿ ಏನೂ ಕೆಟ್ಟಿಲ್ಲವೆಂದು ಹೇಳಿ ಶೇಖರ ದುಡ್ಡು ಕೇಳದೆ ವಾಪಸು ಕೊಟ್ಟದ್ದನ್ನು ನೋಡಿದಳು. ಸ್ಟೇಷನ್ ಅಂಗಡಿಯವನನ್ನು ನಂಬಿ ಕೂತಿದ್ದೀಯಲ್ಲ ಎಂದು ತಾಯಿ ಅಮ್ಮಣ್ಣಿ ಚುಚ್ಚಿದಾಗ, ಅವನು ಅಂಥವನಲ್ಲ ಎಂದಿದ್ದಳು. ಹೇಳಿದ ಮೇಲೆ ಮುಖ ಬಿಸಿಯಾಗಿತ್ತು.

ನವೆಂಬರ್ ಇಪ್ಪತ್ತೆಂಟರ ಗುರುವಾರ ಆಫೀಸಿನಿಂದ ಬಂದವಳ ಕೈಗೆ ಅಮ್ಮಣ್ಣಿ ಒಂದು ಚೀಟಿ ಕೊಟ್ಟರು. ಯಾರೋ ವಾಚ್‌ಮನ್ ಹತ್ತಿರ ಬಿಟ್ಟುಹೋಗಿದ್ದರು.

"ರಿಮೋಟ್ ಮಾರಿ ಹೊಸದು ತಂದೀನಿ. ನಾಳೆ ಬರ್ರಿ. ಶೇಖರ."

"ನಿನ್ನ ಸತ್ಯಹರಿಶ್ಚಂದ್ರ," ಎಂದರು ಅಮ್ಮಣ್ಣಿ. "ಮಾರಿದ್ದನ್ನೂ ಬರೆದು ತಿಳಿಸಿದಾನೆ, ಪಾಪ."

ಪಂಕಜಾ ಚೀಟಿಯನ್ನು ಪರ್ಸಿಗೆ ತುರುಕಿದಳು. ಒಂದು ರಿಮೋಟಿಗೆ ಎದೆ ಇಷ್ಟೇಕೆ ಉರಿಯಬೇಕು? ಅಪ್ಪನ ವಸ್ತು ಹೋಯಿತೆಂದೋ... ಅಥವಾ ಆ ಚಹಾ, ಆ ಮಾತು, ಎಲ್ಲ ಸುಳ್ಳಾಯಿತೆಂದೋ?

ಮರುದಿನ ಆರೂವರೆಗೆ ಅವಳು ಚೀಟಿಯನ್ನು ಅವನ ಮುಂದೆ ಹಿಡಿದಳು.

"ಇದು ನೀವೇ ಬರೆದದ್ದಾ?"

"ಹೌದ್ರಿ."

"ಯಾರಿಗೆ ಮಾರಿದ್ರಿ?"

"ಏನು?"

"ನಮ್ಮ ರಿಮೋಟು. ಹೊಸದು ನನಗೆ ಬೇಡ. ಅದರಲ್ಲಿ ನಮ್ಮಪ್ಪನಿಗೆ ಬೇಕಾದ್ದು ಯಾವುದೂ ಇರೋದಿಲ್ಲ. ನಿಮ್ಮ ಪರವಾಗಿ ನಾನು ಮನೇಲಿ ಮಾತಾಡಿದ್ದೆ, ಗೊತ್ತಾ?"



ಶೇಖರ ಚೀಟಿಯನ್ನು ಎರಡು ಸಲ ಓದಿದ. ಆಮೇಲೆ ತನ್ನ ಗಲ್ಲ ಮುಟ್ಟಿ ತೋರಿಸಿದ.

"ನಮ್ಮ ಕಡೆ ಇದಕ್ಕ ಮಾರಿ ಅಂತೀವ್ರಿ. ನೀವು ಮುಖ ಅಂತೀರಿ. ರಿಮೋಟಿನ ಮಾರಿ ಒಡದಿತ್ತಲ್ಲ, ಅದಕ್ಕ ಹೊಸ ಮಾರಿ ತಂದೀನಿ."

ಲ್ಯಾಮಿಂಗ್ಟನ್ ರೋಡಿನ ಗುಜರಿಯಲ್ಲಿ ಅದೇ ಮಾದರಿಯ ಸತ್ತ ರಿಮೋಟೊಂದು ಸಿಕ್ಕಿತ್ತು. ನೆನಪು ಅಳಿಸದಂತೆ ಹೊರಗಿನಿಂದ ಸೆಲ್ ಜೋಡಿಸಿಕೊಂಡೇ ಮುಂಭಾಗ ಬದಲಾಯಿಸಿದ್ದ. ರಿಮೋಟನ್ನು ಅವಳ ಕಡೆ ತಳ್ಳಿದ. ಹಿಂಬದಿಯಲ್ಲಿ ಅವಳ ರಸೀದಿಯ ನಂಬರೇ ಬರೆದಿತ್ತು; ಅದೇ ರಿಮೋಟು.

ಪಂಕಜಾಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. "ಫೋನ್ ನಂಬರ್ ಕೊಟ್ಟಿದ್ದೆನಲ್ಲ," ಎಂದಳು, ಇನ್ನೂ ಒಂದಿಷ್ಟು ಅನುಮಾನದಿಂದಲೇ. "ಚೀಟಿ ಹಿಡ್ಕೊಂಡು ಮುಲುಂಡಿನವರೆಗೆ ಯಾಕೆ ಬರಬೇಕಿತ್ತು?"

ಅವನು ತಲೆ ಬಗ್ಗಿಸಿದ.

"ನಿಮ್ಮ ಮಾರಿ ನೋಡೋಣು ಅಂತ ಬಂದಿದ್ದೆ. ನೀವು ಇರಲಿಲ್ಲ."

ಪಂಕಜಾ ಚೀಟಿಯನ್ನು ಮಡಿಸಿ ರಿಮೋಟಿನ ಜೊತೆ ಚೀಲಕ್ಕೆ ಹಾಕಿಕೊಂಡಳು.

"ಭಾನುವಾರ ಮನೆಗೆ ಬನ್ನಿ," ಎಂದಳು. "ನಮ್ಮ ಟಿವಿ ಮುಂದೆ ಒತ್ತಿ ತೋರಿಸಿ. ನಡೀಲಿಲ್ಲ ಅಂದ್ರೆ?"

"ಮತ್ತೊಮ್ಮೆ ಬರ್ತೀನಿ."

"ನಡೆದ್ರೆ?"

"ನಡದರೂ ಬರ್ತೀನ್ರಿ."

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ವೆಂಕಟಸುಬ್ಬಯ್ಯನವರು ಮಂಚದ ಮೇಲಿಂದಲೇ ಟಿವಿ, ವಿಸಿಆರ್, ಆಂಪ್ಲಿಫೈಯರ್ ಮೂರನ್ನೂ ಒಂದೊಂದಾಗಿ ಚಾಲೂ ಮಾಡಿದರು. ಶೇಖರ ಊಟಕ್ಕೆ ಉಳಿದ.