ದಾಕ್ಷಾಯಣಿಯ ಕಲಕುತಟ್ಟೆ

ತಟ್ಟೆಯಲ್ಲಿದ್ದ ಕಂದು ದ್ರವ ತಾನಾಗಿಯೇ ಸುತ್ತತೊಡಗಿತು. ಕಲಕಲು ಒಳಗೆ ಕಡ್ಡಿಯಿರಲಿಲ್ಲ, ಕೆಳಗೆ ಮೋಟಾರೂ ಇರಲಿಲ್ಲ. ದಾಕ್ಷಾಯಣಿ ಕನ್ನಡಕವನ್ನು ಹಣೆಗೇರಿಸಿ ಬಗ್ಗಿ ನೋಡಿದಳು. ಎದುರು ಕೂತಿದ್ದ ಗಂಡ ಕೊಟ್ರೇಶ ಬೆರಗಿನಿಂದ ಹುಬ್ಬೇರಿಸಿದ.

ಅದು 2058. ದಾವಣಗೆರೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳಿಗೆ ಅಡುಗೆಮನೆಯ ಪಕ್ಕದ ಕೋಣೆಯೇ ಪ್ರಯೋಗಶಾಲೆ. ಕೊಟ್ರೇಶನ ಕಿವಿಯೊಳಗೆ ಶಸ್ತ್ರಚಿಕಿತ್ಸೆ ಮಾಡಿ ಕೂರಿಸಿದ್ದ ಉಪಕರಣ ಇನ್ನೂ ಗಟ್ಟಿಯಾಗಿತ್ತು; ಅದಕ್ಕೆ ಸದ್ದು ತಲುಪಿಸುವ ಹೊರಗಿನ ಯಂತ್ರ ಮಾತ್ರ ಕೆಟ್ಟಿತ್ತು. ತಯಾರಿಸಿದ ಕಂಪನಿ ಬಾಗಿಲು ಹಾಕಿತ್ತು. ಬೇರೆ ಕಂಪನಿಯ ಯಂತ್ರ ಒಳಗಿನ ಉಪಕರಣಕ್ಕೆ ಹೊಂದದು; ಎಲ್ಲವೂ ಹೊಸದು ಬೇಕೆಂದರೆ ಮತ್ತೊಂದು ಶಸ್ತ್ರಚಿಕಿತ್ಸೆ. ಅವನ ಹೃದಯ ಅದನ್ನು ತಾಳದು ಎಂದಿದ್ದರು ವೈದ್ಯರು. ಮಹಾ ಹರಟೆಮಲ್ಲ ಕೊಟ್ರೇಶ ಏನೂ ಕೇಳಿಸದೆ ಮಂಕಾಗಿಬಿಟ್ಟಿದ್ದ.

ಆ ಯಂತ್ರದೊಳಗೆ ಸುಟ್ಟುಹೋಗಿದ್ದ ಸರ್ಕಿಟ್ ಹಲಗೆಯ ಬದಲಿಗೆ ಹೊಸದನ್ನು ತಾನೇ ಮಾಡಲು ದಾಕ್ಷಾಯಣಿ ಹೊರಟಳು. ತಾಮ್ರ ಹೊದಿಸಿದ ಹಲಗೆಯ ಮೇಲೆ ಮಸಿಯಿಂದ ಗೆರೆ ಬರೆದು ಫೆರಿಕ್ ಕ್ಲೋರೈಡ್ ದ್ರವದಲ್ಲಿ ಮುಳುಗಿಸಿದರೆ, ಗೆರೆಯಡಿಯ ತಾಮ್ರ ಉಳಿದು ಮಿಕ್ಕದ್ದು ಕರಗುತ್ತದೆ. ಆದರೆ ನಿಂತ ದ್ರವ ಒಂದೇ ಸಮನೆ ಕೊರೆಯದು. ಕೈಯಲ್ಲಿ ತಟ್ಟೆ ತೂಗಿದರೂ ಅಂಚಿನ ಸಣ್ಣ ಗೆರೆಗಳು ಕಡಿದುಹೋಗುತ್ತಿದ್ದವು, ನಡುವೆ ಬೇಡದ ತಾಮ್ರ ಹಾಗೇ ಉಳಿಯುತ್ತಿತ್ತು. ಕೊನೆಗೆ ಅವಳು ತಟ್ಟೆಯಡಿ ಅಯಸ್ಕಾಂತ ಜೋಡಿಸಿ, ದ್ರವದ ಮೂಲಕ ಸಣ್ಣಗೆ ವಿದ್ಯುತ್ ಹರಿಸಿದಳು. ಎರಡೂ ಸೇರಿದಲ್ಲಿ ದ್ರವವನ್ನು ತಳ್ಳುವ ಬಲ ಹುಟ್ಟುತ್ತದೆ. ಅದನ್ನು ಮೂಲೆಮೂಲೆಗೂ ಹದವಾಗಿ ಹಂಚಿದ್ದೇ ಅವಳ ಶೋಧ.

ಹಲಗೆ ತೊಳೆದು, ಬಿಡಿಭಾಗ ಬೆಸೆದು, ಯಂತ್ರವನ್ನು ಅವನ ಕಿವಿಯ ಹಿಂದೆ ಸಿಕ್ಕಿಸಿದಳು.

"ರೀ, ಕೇಳ್ತಾ ಇದೆಯಾ?"

ಕೊಟ್ರೇಶ ಕಣ್ಣು ಮುಚ್ಚಿದ. "ಇನ್ನೊಂದ್ಸಲ ಕರಿ."

"ರೀ..."

"ಮೊದಲ ಸಲವೇ ಕೇಳ್ತು ದಾಕ್ಷಿ. ಸುಮ್ನೆ ಕರೆಸ್ಕೊಂಡೆ."

ಅವಳು ಅವನ ಬೆನ್ನಿಗೊಂದು ಗುದ್ದಿ, ಅತ್ತುಬಿಟ್ಟಳು.

ತಟ್ಟೆ ಮಾಡುವ ಬಗೆಯನ್ನು ದಾಕ್ಷಾಯಣಿ ಎಲ್ಲರಿಗೂ ಬಿಟ್ಟುಕೊಟ್ಟಳು. ಓಣಿಯವರು ಮೂಲೆಗೆಸೆದ ಯಂತ್ರಗಳನ್ನು ಹೊತ್ತು ತಂದರು. ಬಳಸಿದ ದ್ರವವನ್ನು ಚರಂಡಿಗೆ ಸುರಿಯದೆ ಅದರಿಂದ ತಾಮ್ರ ತೆಗೆಯುವುದನ್ನೂ ಕಲಿತರು. ಆದರೆ ಹೊಸ ಹಲಗೆ ಸಿದ್ಧವಿದ್ದರೂ ಎಷ್ಟೋ ಯಂತ್ರಗಳನ್ನು ತೆರೆಯಲಾಗಲಿಲ್ಲ. ಬಿಚ್ಚಬಾರದೆಂದೇ ಅವನ್ನು ಅಂಟು ಹಾಕಿ ಮುಚ್ಚಿದ್ದರು. ಪಕ್ಕದ ಮನೆಯ ಗಿರಿಜವ್ವ ತನ್ನ ರೇಡಿಯೊವನ್ನು ತಿರುಗಿಸಿ ಮುರುಗಿಸಿ ನೋಡಿ, "ಮಾಡಿದವರಿಗೆ ಇದೂ ಒಂದಿನ ಕೆಡುತ್ತೆ ಅಂತ ಅನ್ನಿಸಲೇ ಇಲ್ವೇನು?" ಎಂದಳು.

ಆಮೇಲೆ ಊರಿನ ಅಂಗಡಿಗಳಲ್ಲಿ ಬೆಲೆಗಿಂತ ಮೊದಲು ಇನ್ನೊಂದು ಪ್ರಶ್ನೆ ಕೇಳಿಬರತೊಡಗಿತು: "ಇದನ್ನ ಬಿಚ್ಚೋಕೆ ಬರುತ್ತಾ?"

ಆ ಅಂಟಿನ ಯಂತ್ರಗಳು ಮಾರಾಟವಾದದ್ದು ಮೂವತ್ತು ವರ್ಷದ ಹಿಂದೆ. ಆಗ ಕೊಂಡವರಾರೂ ಹಾಗೆ ಕೇಳಿರಲಿಲ್ಲ.