ಎಪ್ಪತ್ತೊಂದರ ಬಾಟಲಿ

ಪಿಸ್ತೂಲಿನ ಮೂತಿ ನನ್ನ ಕಿವಿಗೆ ಒತ್ತಿಕೊಂಡಿತ್ತು.

ಅಲ್ಲಾಡಿದರೆ ಕತೆ ಮುಗಿಯಿತು ಸಾರ್!

ಹೋಟೆಲಿನ ನೆಲಮಾಳಿಗೆ. ಎದುರಿಗೆ ಮೇಜು, ಮೂರು ವೈನ್ ಬಾಟಲಿ, ಮೂರು ಗ್ಲಾಸ್. ಕುರ್ಚಿಗೆ ಕಟ್ಟಿಹಾಕಿದ್ದು ನನ್ನ ಭಾವನನ್ನು! ಬಲಗೈ ಮಾತ್ರ ಬಿಟ್ಟಿದ್ದರು. ತುಟಿ ಒಡೆದು ರಕ್ತ ಗಲ್ಲಕ್ಕೆ ಇಳಿದಿತ್ತು.

ಮೂಲೆಯಲ್ಲಿ ಪ್ರೆಸ್ಸಿನವನು ಬಿದ್ದಿದ್ದ. ನಕಲಿ ಲೇಬಲ್ ಅಚ್ಚು ಹಾಕಿಕೊಟ್ಟವನು. ಬಾಯಿ ಬಿಡುತ್ತೇನೆ ಅಂದಿದ್ದನಂತೆ... ಎದೆಯಲ್ಲಿ ತೂತು!

ಭಾವನ ಕಸುಬು ವೈನ್ ರುಚಿ ನೋಡಿ ಹೇಳುವುದು. ಬೆಳಿಗ್ಗೆ ಅಕ್ಕ ಫೋನ್ ಮಾಡಿದ್ದಳು. "ನಿಮ್ಮ ಭಾವ ಟೇಸ್ಟಿಂಗ್‌ಗೆ ಅಂತ ಹೋಟೆಲಿಗೆ ಹೋದೋರು ಫೋನೇ ಎತ್ತುತಿಲ್ಲ ಕಣೋ. ನಂಗ್ಯಾಕೋ ಭಯ."

ಪತ್ತೇದಾರಿಕೆ ನನ್ನ ಕೆಲಸ. ಅಡುಗೆಮನೆಯ ಹಿಂಬಾಗಿಲಿಂದ ನುಗ್ಗಿದೆ... ಸೀದಾ ಹಳೇ ವೈನ್ ಹರಾಜಿನವನ ಬಾಡಿಗೆ ಗೂಳಿಯ ಕೈಗೆ ಸಿಕ್ಕಿಬಿದ್ದೆ!

ಹರಾಜಿನವನು ಬಿಳಿ ಸೂಟಿನಲ್ಲಿದ್ದ. ಕೈಯಲ್ಲಿ ಫೋನು.

"ಗಿರಾಕಿಗೆ ನಿಮ್ಮ ಮಾತೇ ಪ್ರಮಾಣ. ಮೂರೂ ಅಸಲಿ ಅನ್ನಿ. ಇಲ್ಲಾಂದ್ರೆ ನಿಮ್ಮ ಭಾಮೈದ..."

ಗೂಳಿ ಪಿಸ್ತೂಲನ್ನು ಇನ್ನಷ್ಟು ಒತ್ತಿದ. ಹರಾಜಿನವನು ಮೇಲಿನ ಕೋಣೆಯಲ್ಲಿ ಕಾದಿದ್ದ ಗಿರಾಕಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ.

ಭಾವ ಮೊದಲ ಗ್ಲಾಸ್ ಎತ್ತಿದರು. "ಎರಡು ಸಾವಿರದ ಹತ್ತನೇ ಇಸವಿ. ಆಸ್ಟ್ರೇಲಿಯಾದ ಕ್ಯಾಬರ್ನೆ, ಶಿರಾಜ್ ದ್ರಾಕ್ಷಿಗಳ ಮಿಶ್ರಣ. ಇನ್ನೂ ಒರಟು. ಒಸಡು ಹಿಡಿಯತ್ತೆ. ಅಸಲಿ."

ಎರಡನೆಯದು. ಕಣ್ಣು ಮುಚ್ಚಿದರು.

"ತೊಂಬತ್ತು... ಆಹಾ! ಕ್ಯಾಬರ್ನೆ ಬೆನ್ನೆಲುಬು, ಶಿರಾಜ್ ಮಾಂಸ. ಹಳೇ ಚರ್ಮದ ವಾಸನೆ, ಹೊಗೆಸೊಪ್ಪು. ಒರಟೆಲ್ಲ ಕರಗಿದೆ. ಅಸಲಿ."

ಮೂರನೆಯದು ಎಪ್ಪತ್ತೊಂದರದು. ಬೆಳಕಿಗೆ ಹಿಡಿದರು. ಮೂಸಿದರು. ಒಂದು ಗುಟುಕು ಕುಡಿದರು.

ಗ್ಲಾಸನ್ನು ಕೆಳಗಿಡದೆ ಕೈಯಲ್ಲೇ ಹಿಡಿದುಕೊಂಡರು.

ಮನಸ್ಸಿನಲ್ಲೇ ಬೇಡಿಕೊಂಡೆ. ಹೂಂ ಅನ್ನಿ ಭಾವ... ಒಂದೇ ಒಂದು ಸುಳ್ಳು!

ಭಾವ ನನ್ನನ್ನು ನೋಡಿದರು. ಆಮೇಲೆ ಮೂಲೆಯ ಹೆಣವನ್ನು ನೋಡಿದರು. ನನಗೂ ಅರ್ಥವಾಯಿತು. ಹೂಂ ಅಂದರೂ ಇವರು ನಮ್ಮನ್ನು ಬಿಡುವವರಲ್ಲ.

"ಈ ವಯಸ್ಸಿಗೆ ಗ್ಲಾಸಿನಲ್ಲಿ ವೈನಿನ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿರಬೇಕು. ಇದಿನ್ನೂ ಕಡುನೇರಳೆ. ನಿನ್ನೆ ಮೊನ್ನೆಯ ವೈನು... ನಕಲಿ! ಸ್ವಾಮಿ, ಕೆಳಗೆ ನೆಲಮಾಳಿಗೇಲಿ ಒಂದು ಕೊಲೆ ಆಗಿದೆ, ಪೊಲೀಸರನ್ನ ಕರೀರಿ!"

ಅಂದವರೇ ಗ್ಲಾಸಿನಲ್ಲಿದ್ದುದನ್ನು ಗೂಳಿಯ ಕಣ್ಣಿಗೆ ಎರಚಿದರು.

ಬಗ್ಗಿದೆ. ಢಮಾರ್! ಕಿವಿಯ ತುದಿ ಹಾರಿಹೋಯಿತು. ಗೂಳಿಯ ಗಂಟಲಿಗೆ ಮೊಣಕೈ ಬಿಟ್ಟೆ. ಮಣಿಕಟ್ಟು ತಿರುಚಿದೆ... ಲಟಕ್! ಪಿಸ್ತೂಲು ಒಂದು ಕಡೆ, ಅವನೊಂದು ಕಡೆ.

ಹರಾಜಿನವನು ಕಾರ್ಕ್ ತೆಗೆಯುವ ಸ್ಕ್ರೂ ಹಿಡಿದು ಭಾವನ ಮೇಲೆ ನುಗ್ಗಿದ. ಅಡ್ಡ ಬಂದೆ. ಸ್ಕ್ರೂ ನನ್ನ ಭುಜಕ್ಕಿಳಿಯಿತು. ಕೈಗೆ ಸಿಕ್ಕ ಬಾಟಲಿ ಎತ್ತಿ ಅವನ ತಲೆಗೆ ಬಾರಿಸಿದೆ!

ಬಿಳಿ ಸೂಟು ಕೆಂಪಾಯಿತು. ವೈನ್ ಯಾವುದು, ರಕ್ತ ಯಾವುದು... ಗೊತ್ತಾಗಲಿಲ್ಲ.

ಹೊರಗೆ ಸೈರನ್ ಕೇಳಿಸಿತು. ಭಾವನ ಹಗ್ಗ ಬಿಚ್ಚಿದೆ. ಅವರ ಕಣ್ಣು ನನ್ನ ಕಿವಿಯ ಮೇಲಿರಲಿಲ್ಲ. ಒಡೆದ ಬಾಟಲಿಯ ಲೇಬಲ್ ಮೇಲಿತ್ತು.

"ತೊಂಬತ್ತರದ್ದೇ ಬೇಕಿತ್ತೇನೋ? ಪಕ್ಕದಲ್ಲೇ ನಕಲಿ ಇತ್ತಲ್ಲೋ! ಇನ್ನೂ ಇಪ್ಪತ್ತು ವರ್ಷ ಇಡಬಹುದಿತ್ತು ಕಣೋ..."

ನರಳುತ್ತಿದ್ದ ಹರಾಜಿನವನನ್ನು ಕಾಲಿನಿಂದ ಹೊರಳಿಸಿದೆ.

"ಇವನನ್ನ ಇಡ್ತಾರೆ ಬಿಡಿ ಭಾವ... ಅದೂ ತಂಪಾದ ಕತ್ತಲೆ ಕೋಣೇಲಿ!"