ಈ ಚಕ್ರ ಏನು ಮಾಡುತ್ತದೆ?

ಅವಳು ಅವನ ಪೋಸ್ಟನ್ನು ತೆಗೆದುಹಾಕಿದ್ದು ಸೋಮವಾರ ಬೆಳಿಗ್ಗೆ, ಎಡಗೈಯಲ್ಲಿ ಕಾಫಿ ಲೋಟ ಹಿಡಿದುಕೊಂಡು, ಬಲಗೈ ಹೆಬ್ಬೆರಳಿನಿಂದ. ಅರ್ಧ ನಿಮಿಷವೂ ಹಿಡಿಯಲಿಲ್ಲ. ಕಾಫಿ ಮಾತ್ರ ಕುಡಿಯದೆ ಆರಿಹೋಯಿತು.

ಹಬೆಮನೆ ಅವಳು ಕಟ್ಟಿದ ಆನ್‌ಲೈನ್ ಬಳಗ. ಜಗತ್ತು ಹಬೆಯ ಯಂತ್ರಗಳನ್ನು ಬಿಟ್ಟು ಕರೆಂಟಿನ ಹಿಂದೆ ಓಡದೇ ಇದ್ದಿದ್ದರೆ ನಮ್ಮ ಫೋನು, ಟೋಪಿ, ಕನ್ನಡಕಗಳೆಲ್ಲ ಹೇಗಿರುತ್ತಿದ್ದವು ಎಂದು ಕಲ್ಪಿಸಿಕೊಂಡು, ಅದನ್ನು ಹಿತ್ತಾಳೆ ತಾಮ್ರಗಳಲ್ಲಿ ಮಾಡಿ ತೋರಿಸುವವರು ಅಲ್ಲಿ ಸೇರುತ್ತಿದ್ದರು. ಈ ಹುಚ್ಚಿಗೆ ಜಗತ್ತು ಇಟ್ಟ ಹೆಸರು ಸ್ಟೀಮ್‌ಪಂಕ್. ಮನೆಯವರು ಇಟ್ಟ ಹೆಸರು ‘ನಿನಗೆ ಬೇರೆ ಕೆಲಸ ಇಲ್ವಾ’. ಆರು ವರ್ಷದಲ್ಲಿ ನಾಲ್ಕು ಸಾವಿರ ಜನ ಸೇರಿದ್ದರು, ಎಲ್ಲರೂ ಅವಳನ್ನು ಯಜಮಾನಿ ಎನ್ನುತ್ತಿದ್ದರು. ಹಗಲು ಹೊತ್ತು ಈ ಯಜಮಾನಿ ಒಂದು ಲ್ಯಾಬಿನಲ್ಲಿ ಕೂತು, ಕಂಡವರ ಬಾಯಿಗೆ ಹಲ್ಲಿನ ಸೆಟ್ ಮಾಡುತ್ತಿದ್ದಳು.

ಬಳಗದ ಏಳನೆಯ ನಿಯಮ ಅವಳದೇ. ಸುಮ್ಮನೆ ಅಂಟಿಸಿದ ಚಕ್ರಕ್ಕೆ ಇಲ್ಲಿ ಜಾಗವಿಲ್ಲ. ಪೋಸ್ಟ್ ಹಾಕುವವರು ‘ಈ ಚಕ್ರ ಏನು ಮಾಡುತ್ತದೆ?’ ಎಂಬ ಖಾನೆಯನ್ನು ತುಂಬಲೇಬೇಕು. ಮೂರು ಸಲ ತಪ್ಪಿದರೆ, ಏಳು ದಿನದ ಗಡುವು ಕೊಟ್ಟು ಖಾತೆ ಬಂದ್. ಹಾಗೆ ಹೊರಗೆ ಹೋದ ಮೊದಲಿಗ ಅವಳ ಸ್ವಂತ ಭಾವ. ಹಳೆಯ ಗಡಿಯಾರ ಒಡೆದು ಟೋಪಿಗೆ ಹನ್ನೊಂದು ಚಕ್ರ ಮೆತ್ತಿಕೊಂಡು ಬಂದಿದ್ದ. ಮೂರು ತಿಂಗಳು ಅವಳ ಜೊತೆ ಮಾತು ಬಿಟ್ಟ. ಅಕ್ಕ ಆ ಟೋಪಿಯನ್ನು ಇವತ್ತಿಗೂ ಬಂದವರ ಕಣ್ಣಿಗೆಲ್ಲ ಬೀಳುವ ಹಾಗೆ ಬಾಗಿಲ ಹತ್ತಿರವೇ ನೇತುಹಾಕಿದ್ದಾಳೆ.

ಈಗ ತಾಮ್ರನ ಸರದಿ.

ತಾಮ್ರ ಎಂಬುದು ಅವನು ಬಳಗದಲ್ಲಿ ಇಟ್ಟುಕೊಂಡ ಹೆಸರು. ದೂರದ ಊರಿನಲ್ಲಿ ಲಿಫ್ಟ್ ರಿಪೇರಿ ಮಾಡುತ್ತಾನೆ ಎನ್ನುವುದಕ್ಕಿಂತ ಹೆಚ್ಚು ಅವಳಿಗೆ ಗೊತ್ತಿರಲಿಲ್ಲ; ಫೋನ್ ನಂಬರ್ ಕೂಡ ಇಲ್ಲ. ಎರಡು ವರ್ಷದಿಂದ ಅವಳು ಏನೇ ಹಾಕಲಿ, ಮೊದಲ ಕಾಮೆಂಟ್ ಅವನದು. ‘ಎಲ್ಲೋ ಒಂದು ಸ್ಕ್ರೂ ಲೂಸ್ ಇದೆ ಯಜಮಾನೀ. ಫೋಟೋದಲ್ಲಿರೋ ಯಂತ್ರಕ್ಕೆ ಹೇಳ್ದೆ.’ ಅವಳೂ ಬಿಡುತ್ತಿರಲಿಲ್ಲ. ‘ಜನ ಲಿಫ್ಟಲ್ಲಿ ಸಿಕ್ಕಾಕ್ಕೊಂಡು ಕೂಗ್ತಿದಾರಂತೆ, ಮೊದಲು ಹೋಗಿ ಅವರನ್ನ ಬಿಡಿಸಿ.’ ಬೆಳಿಗ್ಗೆ ಲ್ಯಾಬಿನ ಬೀಗ ತೆಗೆಯುವ ಮುಂಚೆ ಅವನ ಹೆಸರಿನ ಪಕ್ಕದ ಹಸಿರು ಚುಕ್ಕೆ ನೋಡುವುದು ಅವಳಿಗೆ ಅಭ್ಯಾಸವಾಗಿತ್ತು. ಅಭ್ಯಾಸ ಎಂದೇ ಅವಳು ಅದನ್ನು ಕರೆಯುತ್ತಿದ್ದಳು.

ಅವನು ಭಾನುವಾರ ಹಾಕಿದ್ದು ಹಿತ್ತಾಳೆಯ ಒಂದು ಜೀರುಂಡೆ. ಬೆನ್ನ ಮೇಲೆ ಪುಟ್ಟ ಚಕ್ರ. ಎರಡು ನಿಮಿಷದ ವಿಡಿಯೋದಲ್ಲಿ ಅದು ಮಿಸುಕಾಡಲೇ ಇಲ್ಲ. ಖಾನೆಯಲ್ಲಿ ಒಂದೇ ಪದ: ‘ಕಾಯುತ್ತದೆ.’

ಅವಳು ಎರಡು ಸಲ ಓದಿದಳು. ಕಾಯುತ್ತದಂತೆ! ಯಾರಿಗೆ? ಒಂದು ಸಂತೋಷ ಉಕ್ಕಿತು. ಆ ಸಂತೋಷವೇ ಅವನಿಗೆ ಮುಳುವಾಯಿತು. ಬೇರೆ ಯಾರಾದರೂ ಹೀಗೆ ಬರೆದಿದ್ದರೆ ಬಿಡುತ್ತಿದ್ದೆನೇ ಎಂದು ಕೇಳಿಕೊಂಡಳು. ಬಿಡುತ್ತಿರಲಿಲ್ಲ. ಭಾವನನ್ನೇ ಬಿಟ್ಟಿರಲಿಲ್ಲ. ಸೋಮವಾರ ಅಳಿಸಿದಳು. ಅದು ಅವನ ಮೂರನೆಯ ತಪ್ಪು. ಏಳು ದಿನದೊಳಗೆ ಅವನು ಮೇಲ್ಮನವಿ ಸಲ್ಲಿಸಿ ಗೆಲ್ಲದಿದ್ದರೆ ಹಸಿರು ಚುಕ್ಕೆಯೂ ಇಲ್ಲ, ತಾಮ್ರನೂ ಇಲ್ಲ.

ಮಂಗಳವಾರ ಏನೂ ಬರಲಿಲ್ಲ. ಬುಧವಾರವೂ ಇಲ್ಲ.

“ಇದು ಯಾರ ಬಾಯಿಗೆ ಕಣೇ?” ಅಕ್ಕ ಒಂದು ಸೆಟ್ಟನ್ನು ಬೆಳಕಿಗೆ ಹಿಡಿದು ಕೇಳಿದಳು. ಲ್ಯಾಬಿನ ಪ್ಯಾಕಿಂಗ್ ಅವಳದು. “ಎಡಗಡೆ ಕೋರೆಹಲ್ಲು ಬಲಗಡೆ ಕೂರಿಸಿದೀಯ.”

“ಕೊಡು ಇಲ್ಲಿ.”

“ಆ ಲಿಫ್ಟಿನವನು ಇನ್ನೂ ಏನೂ ಬರೆದಿಲ್ವಾ?”

“ನಿನಗೆ ಯಾರು ಹೇಳಿದ್ರು?”

“ಕೋರೆಹಲ್ಲು ಹೇಳ್ತು.”

ಮೇಲ್ಮನವಿ ಬಂದದ್ದು ಗುರುವಾರ ಮಧ್ಯಾಹ್ನ. ‘ಎರಡು ದಿನ ಲಿಫ್ಟ್ ಕೆಳಗಿನ ಗುಂಡಿಯಲ್ಲೇ ಇದ್ದೆ, ಈಗ ನೋಡಿದೆ. ಕಾಯುತ್ತದೆ ಅಂದ್ರೆ ಬಿಸಿಯಾಗುತ್ತದೆ ಅಂತ, ಯಜಮಾನೀ. ನೀರು ಕಾಯುತ್ತಲ್ಲ, ಹಾಗೆ. ಕೈಯಲ್ಲಿ ಹಿಡಿದರೆ ಕಾದು ತಿರುಗುತ್ತೆ. ಅಂದಹಾಗೆ ನೀವು ಏನಂದ್ಕೊಂಡ್ರಿ?’

ಅವಳು ಫೋನನ್ನು ಬೋರಲು ಹಾಕಿದಳು. ಕಿವಿ ಬಿಸಿಯಾಗಿತ್ತು. ತಾನು ಏನಂದುಕೊಂಡೆ ಎಂಬುದನ್ನು ನಾಲ್ಕು ಸಾವಿರ ಜನರ ಯಜಮಾನಿ ಬರೆದು ಹೇಳುವ ಹಾಗಿರಲಿಲ್ಲ. ಅರ್ಧ ಗಂಟೆ ಬಿಟ್ಟು, ಸರ್ಕಾರಿ ನೋಟಿಸಿನ ಭಾಷೆಯಲ್ಲಿ ಉತ್ತರಿಸಿದಳು. ಮೇಲ್ಮನವಿಯ ವಸ್ತುವನ್ನು ಪರೀಕ್ಷಕರು ಸ್ವತಃ ಕೈಯಲ್ಲಿ ಹಿಡಿದು ನೋಡತಕ್ಕದ್ದು. ಸಮಯ ಐದು ನಿಮಿಷ. ವಿಳಾಸ ಕೆಳಗಿದೆ. ಕೊರಿಯರ್ ಮಾಡಬಹುದು.

‘ಕೊರಿಯರಿನವರು ಎತ್ತಿ ಎಸೀತಾರೆ. ಶನಿವಾರ ನಾನೇ ತರ್ತೀನಿ.’

ನಾಲ್ಕು ಗಂಟೆ ಕಾಲ ರೈಲಿನಲ್ಲಿ ಕೂತು ಬಂದವನು ಅವಳು ಅಂದುಕೊಂಡಷ್ಟು ಎತ್ತರ ಇರಲಿಲ್ಲ. ಉಗುರಿನ ಸಂದಿಯಲ್ಲಿ ಗ್ರೀಸ್. ಇಸ್ತ್ರಿ ಮಾಡಿದ ಅಂಗಿ ಬೆನ್ನ ಕಡೆ ಮಾತ್ರ ಸುಕ್ಕಾಗಿತ್ತು. ಗೋಡೆಯ ಶೆಲ್ಫಿನಲ್ಲಿ ಸಾಲಾಗಿ ಕೂತ ಪ್ಲಾಸ್ಟರ್ ದವಡೆಗಳನ್ನು ಅವನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದ.

“ಇವರೆಲ್ಲ ಯಾಕೆ ನಗ್ತಿದಾರೆ?”

“ನಿಮ್ಮನ್ನ ನೋಡಿ.”

ಅವನು ನಕ್ಕ. ಅವಳು ಅವನ ಹಲ್ಲು ನೋಡಿದಳು, ಅದು ವೃತ್ತಿಯ ಚಾಳಿ. ಮುಂದಿನ ಹಲ್ಲೊಂದು ಚೂರು ವಾರೆ. ಸರಿಪಡಿಸಬೇಕು ಎಂದು ಅವಳಿಗೆ ಅನ್ನಿಸದೇ ಇದ್ದದ್ದು ಅದೇ ಮೊದಲು.

ಅವನು ಹತ್ತಿಯ ಒಳಗಿಂದ ಜೀರುಂಡೆ ತೆಗೆದ. “ಇದರ ಹೊಟ್ಟೇಲಿ ಎರಡು ಲೋಹ ಬೆಸೆದ ಪಟ್ಟಿ ಇದೆ. ಹಳೆ ಇಸ್ತ್ರಿ ಪೆಟ್ಟಿಗೆಯದು. ಬಿಸಿ ತಾಗಿದ್ರೆ ಒಂದು ಜಾಸ್ತಿ ಹಿಗ್ಗುತ್ತೆ, ಇನ್ನೊಂದು ಕಮ್ಮಿ. ಪಟ್ಟಿ ಬಾಗಿ ಚಕ್ರ ತಿರುಗಿಸುತ್ತೆ, ಚಕ್ರ ರೆಕ್ಕೆ ಬಿಚ್ಚುತ್ತೆ. ನನ್ನ ಕೈಲಿ ಎರಡೇ ನಿಮಿಷ.”

ಅವಳು ಟೈಮರ್ ಒತ್ತಿ ಬಲ ಅಂಗೈ ಚಾಚಿದಳು. ಜೀರುಂಡೆ ಕೂತಿತು. ಒಂದು ನಿಮಿಷ. ಎರಡು. ಚಕ್ರ ಜಪ್ಪಯ್ಯ ಅನ್ನಲಿಲ್ಲ. ಅವನು ಚಕ್ರ ನೋಡುತ್ತಿದ್ದ, ಅವಳು ಅವನ ಹಣೆಯ ಬೆವರು ನೋಡುತ್ತಿದ್ದಳು. ತಿರುಗೋ ಮಾರಾಯ ಎಂದು ಅವಳು ಆ ಹುಳುವನ್ನು ಮನಸ್ಸಿನಲ್ಲೇ ಬೇಡಿಕೊಂಡಳು.

“ನಿಮ್ಮ ಕೈ...” ಅವನು ತಡವರಿಸಿದ.

“ಗೊತ್ತು. ದಿನವೆಲ್ಲ ತಣ್ಣೀರಲ್ಲಿ ಪ್ಲಾಸ್ಟರ್ ಕಲಸ್ತೀನಿ. ಯಾವಾಗ್ಲೂ ಹಿಂಗೇ ತಣ್ಣಗೆ.”

“ನಾನು ಹಿಡಿದು ತೋರಿಸ್ಲಾ?”

“ಪರೀಕ್ಷಕರ ಕೈಯಲ್ಲೇ ಆಗ್ಬೇಕು.” ಅವಳು ಅಂಗೈ ಕದಲಿಸದೆ ಹೇಳಿದಳು. “ನಿಮಗೊಂದು, ಭಾವನಿಗೊಂದು ಅಂತ ಮಾಡೋಕಾಗಲ್ಲ.”

“ಬೇಡ ಬಿಡಿ.” ಅವನು ಮೆಲ್ಲಗೆ ಅಂದ. “ನೀವು ಹಾಗೆ ಮಾಡೋರಲ್ಲ ಅಂತಾನೇ ನಾನು ಅಷ್ಟು ದೂರದಿಂದ ಬಂದಿದ್ದು.”

ಮೂರು ನಿಮಿಷ.

“ಪರೀಕ್ಷಕರ ಕೈ ಬಿಸಿ ಮಾಡಬಾರದು ಅಂತ ನಿಯಮದಲ್ಲಿ ಇದೆಯಾ?” ಪ್ಯಾಕಿಂಗ್ ಮೇಜಿನಿಂದ ಅಕ್ಕ ತಲೆ ಎತ್ತದೆಯೇ ಕೇಳಿದಳು.

ಅಕ್ಕ ಟೇಪು ಹರಿದು ಡಬ್ಬಕ್ಕೆ ಅಂಟಿಸಿದಳು. “ಇಲ್ವಲ್ಲ? ಹಾಗಾದ್ರೆ ನಾನು ಇದನ್ನ ಡಾಕ್ಟರಿಗೆ ಕೊಟ್ಟು ಬರ್ತೀನಿ,” ಎಂದು ಎದ್ದು ಹೊರಟೇಬಿಟ್ಟಳು.

ಬಾಗಿಲು ಮುಚ್ಚಿಕೊಂಡಿತು. ಅವನು ಅವಳ ಮುಖ ನೋಡಿದ, ಕೇಳುವ ಹಾಗೆ. ಅವಳು ಬೇಡ ಅನ್ನಲಿಲ್ಲ. ಅವನು ತನ್ನ ಅಂಗೈಯನ್ನು ಅವಳ ಕೈಯ ಕೆಳಗೆ ಇಟ್ಟ, ಇನ್ನೊಂದನ್ನು ಪಕ್ಕದಿಂದ ಸುತ್ತಿದ. ಒರಟು ಕೈ, ಬೆಚ್ಚಗಿತ್ತು. ಆ ಬಿಸಿ ಮೊದಲು ಬೆರಳ ಗೆಣ್ಣುಗಳಿಗೆ, ಆಮೇಲೆ ಅಂಗೈಗೆ ಹತ್ತಿತು. ಲ್ಯಾಬಿನಲ್ಲಿ ಟೈಮರಿನ ಟಿಕ್ ಟಿಕ್ ಬಿಟ್ಟರೆ ಸದ್ದಿಲ್ಲ.

ಚಕ್ರ ಒಂದು ಹಲ್ಲು ಸರಿಯಿತು. ಇನ್ನೊಂದು. ಹಿತ್ತಾಳೆಯ ರೆಕ್ಕೆಗಳು ನಿಧಾನವಾಗಿ ಬಿಚ್ಚಿಕೊಂಡವು.

“ನೀವು ಹೇಳ್ಲೇ ಇಲ್ಲ,” ಅವನೆಂದ. “ಕಾಯುತ್ತದೆ ಅಂದಾಗ ಏನಂದ್ಕೊಂಡ್ರಿ?”

ಅವಳು ರೆಕ್ಕೆಯನ್ನೇ ನೋಡುತ್ತ ಹೇಳಿದಳು. “ಯಾರಿಗೋ ಕಾಯ್ತಿದೆ ಅಂದ್ಕೊಂಡೆ. ಖುಷಿಯಾಯ್ತು. ಅದಕ್ಕೇ ಅಳಿಸಿದೆ.”

“ಆ ಅರ್ಥಾನೂ ತಪ್ಪಲ್ಲ ಯಜಮಾನೀ. ಎರಡು ವರ್ಷ ಆಯ್ತು.”

ಟೈಮರ್ ಕಿರುಚಿತು. ಇಬ್ಬರೂ ಅದನ್ನು ಮುಟ್ಟಲಿಲ್ಲ. ಅದು ಕಿರುಚಿ ಕಿರುಚಿ ತಾನೇ ಸುಸ್ತಾಗಿ ನಿಂತಿತು.

“ಕೈ ತೆಗೆದ್ರೆ ರೆಕ್ಕೆ ಮುಚ್ಕೊಳ್ಳುತ್ತೆ,” ಅವನೆಂದ.

“ಹಾಗಾದ್ರೆ ತೆಗೀಬೇಡಿ.”

ಪರೀಕ್ಷೆಯ ಫಲಿತಾಂಶವನ್ನು ಅಲ್ಲೇ ಬರೆಯಬೇಕೆಂದು ನಿಯಮ. ಅವಳು ಎಡಗೈಯಲ್ಲಿ ಫೋನ್ ಎತ್ತಿಕೊಂಡು, ಕಾರಣದ ಖಾನೆಯಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ‘ತಿರುಗುತ್ತದೆ. ಇಬ್ಬರು ಬೇಕು.’

ಆ ಪೋಸ್ಟನ್ನು ತೆಗೆಯಲು ಅರ್ಧ ನಿಮಿಷವೂ ಹಿಡಿದಿರಲಿಲ್ಲ. ವಾಪಸ್ ಹಾಕಲು ಬಹಳ ಹೊತ್ತು ಹಿಡಿಯಿತು. ಅವಳ ಬಲಗೈ ಬಿಡುವಾಗಿರಲಿಲ್ಲ.